ಅಮೆರಿಕದ ಮೆಡಿಕಲ್ ಶಾಲೆಗೆ ವಿದೇಶಿ ವಿದ್ಯಾರ್ಥಿಯಾಗಿ ಅರ್ಜಿ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಎರಡು ಬಗೆಯ ಮಕ್ಕಳಿಗೆ ಮತ್ತು ಅವರ ತಂದೆತಾಯಿಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಪಿಯುಸಿ ಓದುತ್ತ, ಎಂ.ಡಿ. ಮಾಡಿದರೆ ಅಮೆರಿಕದಲ್ಲೇ ಎಂದು ನಿಶ್ಚಯಿಸಿದವರು ಮೊದಲನೆಯವರು. ಅಪ್ಪನ ಅಥವಾ ಅಮ್ಮನ ಎಚ್-1ಬಿ ಕೆಲಸದ ಜೊತೆ ಚಿಕ್ಕಂದಿನಲ್ಲೇ ಅಲ್ಲಿಗೆ ಹೋಗಿ, ಟೆಕ್ಸಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಶಾಲೆ ಮುಗಿಸಿ, ಗ್ರೀನ್ ಕಾರ್ಡ್ ಇನ್ನೂ ಬಾರದೆ ಎಚ್-4 ಎಂಬ ಅವಲಂಬಿತರ ವೀಸಾ ಮೇಲೆಯೇ ಇರುವ ನಮ್ಮ ಮನೆಗಳ ಮಕ್ಕಳು ಎರಡನೆಯವರು. ಅಲ್ಲಿನ ಮೆಡಿಕಲ್ ಶಾಲೆಗಳ ಲೆಕ್ಕದಲ್ಲಿ ಇಬ್ಬರೂ ಒಂದೇ ಸಾಲಿನವರು: ವಿದೇಶಿ ಅರ್ಜಿದಾರರು.

ನಮ್ಮಲ್ಲಿ ಮೆಡಿಕಲ್ ಸೀಟು ಎಂದರೆ ಮೊದಲು ನೀಟ್ ಅಂಕ, ಆಮೇಲೆ ಕೌನ್ಸೆಲಿಂಗ್, ಕೊನೆಗೆ ಫೀಸಿನ ಚಿಂತೆ. ಅಮೆರಿಕಕ್ಕೆ ಅರ್ಜಿ ಹಾಕುವ ವಿದೇಶಿ ವಿದ್ಯಾರ್ಥಿಗೆ ಈ ಕ್ರಮ ತಿರುಗುಮುರುಗು. ನಿಮ್ಮ ವೀಸಾ ಯಾವುದು, ಡಿಗ್ರಿ ಯಾವ ದೇಶದ್ದು, ನಾಲ್ಕು ವರ್ಷದ ಹಣ ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಇದ್ದರೆ ಮಾತ್ರ ನಿಮ್ಮ ಅಂಕವನ್ನು ಯಾರಾದರೂ ನೋಡುತ್ತಾರೆ. ಬುದ್ಧಿವಂತ ಮಕ್ಕಳು ಈ ಮೂರನ್ನೂ ಕೊನೆಗೆಂದು ಬಿಟ್ಟು, ಯೌವನದ ಒಳ್ಳೆಯ ವರ್ಷಗಳನ್ನೂ ಮನೆಯವರ ಉಳಿತಾಯವನ್ನೂ ಕಳೆದುಕೊಳ್ಳುತ್ತಾರೆ. ಹಾಗಾಗಬಾರದು ಎಂದೇ ಇಲ್ಲಿನ ಮಾತುಗಳು ಖಡಾಖಂಡಿತವಾಗಿವೆ.

ಪ್ರಮಾಣ ಎಷ್ಟೆಂಬುದನ್ನು ಮೊದಲೇ ತಿಳಿದಿರಿ. ಅಮೆರಿಕದ ಎಂ.ಡಿ. ಶಾಲೆಗಳಿಗೆ ವರ್ಷಕ್ಕೆ 50,000ಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ. ಸೇರುವವರು 23,000ದ ಆಸುಪಾಸು. ಆ ಸೇರುವವರಲ್ಲಿ ವಿದೇಶಿಯರ ಪಾಲು ಶೇಕಡಾ 2ಕ್ಕೂ ಕಡಿಮೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಸೀಟು ಸಿಕ್ಕ ಆ ಕೆಲವರು ಹೇಗೆ ಸಿದ್ಧರಾದರು ಎಂಬುದೇ ಮುಂದಿನ ವಿಷಯ.

ನೀವು ಯಾರೆಂದು ಕಾಗದ ನೋಡಿ ಹೇಳಿ

ಗ್ರೀನ್ ಕಾರ್ಡ್ ಕೈಯಲ್ಲಿದ್ದರೆ ನೀವು ವಿದೇಶಿ ಅರ್ಜಿದಾರರಲ್ಲ. ಅಲ್ಲಿನ ನಾಗರಿಕರಂತೆಯೇ ನಿಮ್ಮ ಅರ್ಜಿ, ಅವರಂತೆಯೇ ಸರ್ಕಾರಿ ಸಾಲ. ಎಚ್-4, ವಿದ್ಯಾರ್ಥಿ ವೀಸಾ ಆದ ಎಫ್-1 ಅಥವಾ ಬೇರೆ ಯಾವುದೇ ತಾತ್ಕಾಲಿಕ ವೀಸಾ ಇದ್ದರೆ ನೀವು ವಿದೇಶಿ. ಮೂರನೇ ವಯಸ್ಸಿನಿಂದ ಅಲ್ಲೇ ಬೆಳೆದಿದ್ದರೂ, ಹೈಸ್ಕೂಲಿನಲ್ಲಿ ಮೊದಲ ಸ್ಥಾನ ಪಡೆದಿದ್ದರೂ ಅಷ್ಟೇ.

ಎಚ್-4 ಮಕ್ಕಳ ವಿಚಾರದಲ್ಲಿ ನನಗೆ ಸಂಕಟ ಹೆಚ್ಚು. ಭಾರತೀಯರ ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿನ ಸರದಿ ದಶಕ ದಾಟಿ ನಿಂತಿದೆ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಮಗ ಅಥವಾ ಮಗಳು ಎಫ್-1ಕ್ಕೆ ಬದಲಾಗಬೇಕು. ಡಿಗ್ರಿಯ ಮೂರನೇ ವರ್ಷದಲ್ಲಿ, ಮೆಡಿಕಲ್ ಅರ್ಜಿಗೆ ಕೂರುವ ಹೊತ್ತಿಗೇ ಈ ಹುಟ್ಟುಹಬ್ಬ ಬರುತ್ತದೆ. ಅಪ್ಪ ಅಮ್ಮ ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಮಗು ಹೈಸ್ಕೂಲಿನಲ್ಲಿರುವಾಗಲೇ ಎದುರಿಗೆ ಕೂರಿಸಿಕೊಂಡು, ನಮ್ಮ ಅರ್ಜಿಯ ದಿನಾಂಕ ಇದು, ಸರದಿ ಇಲ್ಲಿದೆ, ನಿನಗೆ 21 ತುಂಬುವುದು ಆಗ ಎಂದು ತೆರೆದು ಹೇಳಿ. ಮಕ್ಕಳ ವಯಸ್ಸನ್ನು ಲೆಕ್ಕ ಹಾಕುವ ಕಾನೂನಿನಲ್ಲಿ ನಿಮ್ಮ ಮಗುವಿಗೆ ರಕ್ಷಣೆ ಸಿಗುತ್ತದೆಯೇ ಎಂದು ವಲಸೆ ವಕೀಲರನ್ನು ಕೇಳಿ. ವಕೀಲರ ಫೀಸು ಉಳಿಸಲು ಗೆಳೆಯರ ವಾಟ್ಸಾಪ್ ಸಲಹೆ ನಂಬಬೇಡಿ.

ಅರ್ಜಿಯಲ್ಲಿ ಪೌರತ್ವ ಮತ್ತು ವೀಸಾ ಕಾಲಂ ತುಂಬುವಾಗ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದೆ ಎಂದ ಮಾತ್ರಕ್ಕೆ ಕಾಯಂ ನಿವಾಸಿ ಎಂದು ಗುರುತು ಹಾಕಬೇಡಿ. ಅರ್ಜಿ ಹಾಕಿದ ಮೇಲೆ ಕಾರ್ಡ್ ಬಂದರೆ ಅದೇ ವಾರ ಪ್ರತಿ ಶಾಲೆಗೂ ತಿಳಿಸಿ. ಅದು ನಿಮ್ಮ ಅರ್ಜಿಯ ಹಣೆಬರಹವನ್ನೇ ಬದಲಿಸಬಹುದು.

ಎಂಬಿಬಿಎಸ್‌ನ ಲೆಕ್ಕ ಇಲ್ಲಿಗೆ ತರಬೇಡಿ

ಅಮೆರಿಕದಲ್ಲಿ ಪಿಯುಸಿ ಆದ ಮೇಲೆ ನೇರವಾಗಿ ಮೆಡಿಕಲ್ ಇಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ನಂತರ ನಾಲ್ಕು ವರ್ಷದ ಎಂ.ಡಿ., ಆಮೇಲೆ ಮೂರರಿಂದ ಏಳು ವರ್ಷದ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ. ಡಿಗ್ರಿಯಲ್ಲಿ ಯಾವ ವಿಷಯ ಓದಿದರೂ ಆಗುತ್ತದೆ. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಸಾವಯವ ರಸಾಯನ, ಭೌತಶಾಸ್ತ್ರ ಇವಿಷ್ಟೂ ಲ್ಯಾಬ್ ಸಮೇತ ಬೇಕು. ಬಯೋಕೆಮಿಸ್ಟ್ರಿ ಬೇಕು. ಇಂಗ್ಲಿಷ್ ಬರವಣಿಗೆಯ ಕೋರ್ಸುಗಳನ್ನು, ಗಣಿತ ಅಥವಾ ಸಂಖ್ಯಾಶಾಸ್ತ್ರವನ್ನು ಬಹುಪಾಲು ಶಾಲೆಗಳು ಕೇಳುತ್ತವೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಇಲ್ಲಿ. ಕರ್ನಾಟಕದಲ್ಲೇ ಬಿ.ಎಸ್ಸಿ. ಮುಗಿಸಿ, ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಅಮೆರಿಕದ ಮೆಡಿಕಲ್‌ಗೆ ಹೋಗುತ್ತೇನೆ ಎಂಬ ಯೋಜನೆ ಹಾಕಿಕೊಳ್ಳಬೇಡಿ. ಎಂ.ಡಿ. ಶಾಲೆಗಳ ಕೇಂದ್ರ ಅರ್ಜಿ ವ್ಯವಸ್ಥೆಯಾದ ಆಮ್‌ಕಾಸ್ ವಿದೇಶಿ ಕಾಲೇಜಿನ ಅಂಕಪಟ್ಟಿಯನ್ನು ಪರಿಶೀಲನೆಗೆ ತೆಗೆದುಕೊಳ್ಳುವುದಿಲ್ಲ. ಹೊರಗಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿದ ವರದಿಯೂ ಅಲ್ಲಿ ನಡೆಯುವುದಿಲ್ಲ. ವಿದೇಶಿಯರನ್ನು ತೆಗೆದುಕೊಳ್ಳುವ ಶಾಲೆಗಳೂ ಅಮೆರಿಕ ಅಥವಾ ಕೆನಡಾದ ಕಾಲೇಜಿನಲ್ಲಿ ಕನಿಷ್ಠ ಒಂದೆರಡು ವರ್ಷ ಓದಿರಬೇಕೆನ್ನುತ್ತವೆ, ಹಲವು ಪೂರ್ತಿ ಡಿಗ್ರಿಯನ್ನೇ ಕೇಳುತ್ತವೆ. ಹಾಗಾಗಿ ಹಣ ಮತ್ತು ವೀಸಾ ಕೂಡಿ ಬಂದರೆ ಡಿಗ್ರಿಗೇ ಅಲ್ಲಿಗೆ ಹೋಗಿ. ಬರದಿದ್ದರೆ ಈ ದಾರಿಯನ್ನು ಇಲ್ಲಿಗೇ ನಿಲ್ಲಿಸಿ. ಊರಿನಲ್ಲೇ ಎಂಬಿಬಿಎಸ್ ಸೇರಿ, ಮುಂದೆ ರೆಸಿಡೆನ್ಸಿಗೆ ಅರ್ಜಿ ಹಾಕುವ ಬೇರೆ ದಾರಿ ಇದೆ. ಅದು ಯಾವ ರೀತಿಯಲ್ಲೂ ಕೀಳಲ್ಲ.

ಈಗಾಗಲೇ ಎಂಬಿಬಿಎಸ್ ಓದುತ್ತಿರುವವರು ನಡುವೆ ಬಿಟ್ಟು ಅಮೆರಿಕದ ಶಾಲೆಗೆ ವರ್ಗಾವಣೆ ಕೇಳಬೇಡಿ. ನಿಮಗೆ ಅಲ್ಲಿ ಎರಡನೇ ವರ್ಷದ ಸೀಟು ಯಾರೂ ಕೊಡುವುದಿಲ್ಲ. ನಿಮ್ಮ ಹಾದಿ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ. ಅದರ ಮೊದಲ ಹಂತ 2022ರ ಜನವರಿಯಿಂದ ಪಾಸು-ಫೇಲು ಮಾತ್ರ ಆಗಿರುವುದರಿಂದ, ಅಂಕ ಬರುವ ಎರಡನೇ ಹಂತದ ಮೇಲೆ ಗಮನ ಇಡಿ.

ಶಾಲೆಗಳ ಪಟ್ಟಿ: ಹೆಸರಿನ ಹಿಂದೆ ಹೋಗಬೇಡಿ

ಅಮೆರಿಕದಲ್ಲಿ ಎಂ.ಡಿ. ಶಾಲೆಗಳು ನೂರೈವತ್ತಕ್ಕೂ ಹೆಚ್ಚು. ವಿದೇಶಿ ಅರ್ಜಿ ತೆಗೆದುಕೊಳ್ಳುವವು ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ. ಅದರಲ್ಲೂ ಕೆಲವು ಕೆನಡಾದವರಿಗಷ್ಟೇ ಬಾಗಿಲು ತೆಗೆಯುತ್ತವೆ. ಸರ್ಕಾರಿ ವಿಶ್ವವಿದ್ಯಾಲಯಗಳು ಆಯಾ ರಾಜ್ಯದ ತೆರಿಗೆ ಹಣದಲ್ಲಿ ನಡೆಯುವುದರಿಂದ ಆ ರಾಜ್ಯದವರಿಗೇ ಮೊದಲ ಮಣೆ. ಟೆಕ್ಸಾಸಿನ ಸರ್ಕಾರಿ ಮೆಡಿಕಲ್ ಶಾಲೆಗಳಲ್ಲಿ ಹೊರರಾಜ್ಯದವರ ಪಾಲು ಶೇಕಡಾ 10 ಮೀರುವಂತಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾಲೆ ವಾಷಿಂಗ್ಟನ್, ವಯೋಮಿಂಗ್, ಅಲಾಸ್ಕಾ, ಮೊಂಟಾನಾ, ಐಡಾಹೊ ಎಂಬ ಐದು ರಾಜ್ಯಗಳಿಗಾಗಿ ವೈದ್ಯರನ್ನು ತಯಾರಿಸುತ್ತದೆ. ಸಿಯಾಟಲ್‌ನಲ್ಲಿ ಮಾವ ಇದ್ದಾರೆ ಎಂದು ಅಲ್ಲಿಗೆ ಅರ್ಜಿ ಹಾಕಿ ಹಣ ಕಳೆಯಬೇಡಿ.

ವಿದೇಶಿಯರಿಗೆ ಜಾಗ ಇರುವುದು ಹೆಚ್ಚಾಗಿ ಖಾಸಗಿ ಶಾಲೆಗಳಲ್ಲಿ. ಹಾರ್ವರ್ಡ್, ಯೇಲ್, ಜಾನ್ಸ್ ಹಾಪ್ಕಿನ್ಸ್, ಕೊಲಂಬಿಯಾ, ಎಮೊರಿ, ಕೇಸ್ ವೆಸ್ಟರ್ನ್ ಇಂಥವು ಬಹುಕಾಲದಿಂದ ವಿದೇಶಿ ಅರ್ಜಿಗಳನ್ನು ನೋಡುತ್ತ ಬಂದಿವೆ. ಎಲ್ಲರಿಗೂ ಕಷ್ಟವೆನಿಸುವ ಶಾಲೆಗಳೇ ವಿದೇಶಿ ವಿದ್ಯಾರ್ಥಿಯ ಪಟ್ಟಿಯ ತುಂಬ ಇರುತ್ತವೆ. ಹಾಗಿದೆ ಪರಿಸ್ಥಿತಿ. ಶಾಲೆಯ ನೀತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅಲ್ಲಿನ ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿಯ ಎಂಸಾರ್ ಎಂಬ ಕೈಪಿಡಿಗೆ ಹಣ ಕಟ್ಟಿ, ಅದೇ ವರ್ಷದ ಮಾಹಿತಿ ನೋಡಿ, ನಂತರ ಪ್ರತಿ ಶಾಲೆಯ ಅಡ್ಮಿಷನ್ ಕಚೇರಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಇಮೇಲಿನಲ್ಲಿ ಮೂರೇ ಮಾತು ಕೇಳಿ: ನನ್ನ ವೀಸಾದವರನ್ನು ತೆಗೆದುಕೊಳ್ಳುತ್ತೀರಾ, ಎಷ್ಟು ವರ್ಷದ ಹಣ ಮೊದಲೇ ತೋರಿಸಬೇಕು, ವಿದೇಶಿಯರಿಗೆ ನಿಮ್ಮದೇ ನೆರವು ಇದೆಯಾ. ಆ ಉತ್ತರಗಳನ್ನು ಒಂದು ಕಡೆ ತೆಗೆದಿಡಿ.

ಆಸ್ಟಿಯೋಪತಿಕ್ ಅಂದರೆ ಡಿ.ಒ. ಶಾಲೆಗಳನ್ನು ಕೈಬಿಡಬೇಡಿ. ಅವರ ಅರ್ಜಿ ವ್ಯವಸ್ಥೆ ಬೇರೆ, ಹೆಸರು ಆಕೋಮಾಸ್. ಡಿ.ಒ. ಪದವೀಧರರು ಅಮೆರಿಕದಲ್ಲಿ ಪೂರ್ಣ ಅಧಿಕಾರದ ವೈದ್ಯರು, ಶಸ್ತ್ರಚಿಕಿತ್ಸೆಯೂ ಸೇರಿದಂತೆ. ಎಂ.ಡಿ. ಎಂದು ಬರೆದುಕೊಳ್ಳದಿದ್ದರೆ ಊರಿನಲ್ಲಿ ಏನೆನ್ನುತ್ತಾರೋ ಎಂಬ ಕಾರಣಕ್ಕೆ ಈ ಬಾಗಿಲು ಮುಚ್ಚಬೇಡಿ.

ಸಂಶೋಧನೆ ಸೇರಿದ ಎಂ.ಡಿ.-ಪಿಎಚ್.ಡಿ. ಮಾಡಿದರೆ ಎಲ್ಲವೂ ಉಚಿತ ಎಂದು ಕೇಳಿರುತ್ತೀರಿ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಈ ತರಬೇತಿಗೆ ಕೊಡುವ ಅನುದಾನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಕೆಲವೇ ಶಾಲೆಗಳು ತಮ್ಮ ಸ್ವಂತ ಹಣದಿಂದ ವಿದೇಶಿಯರನ್ನು ತೆಗೆದುಕೊಳ್ಳುತ್ತವೆ. ಫೀಸು ಉಳಿಯುತ್ತದೆಂದು ಎಂಟು ವರ್ಷದ ಸಂಶೋಧನಾ ಜೀವನಕ್ಕೆ ಇಳಿಯಬೇಡಿ. ಲ್ಯಾಬಿನಲ್ಲಿ ನಿಜವಾಗಿಯೂ ಮನಸ್ಸು ನಿಲ್ಲುವವರು ಮಾತ್ರ ಹೋಗಿ.

ಹಣದ ಮಾತು ಮೊದಲ ದಿನವೇ

ಖಾಸಗಿ ಶಾಲೆಯಲ್ಲಿ ಫೀಸು, ಬಾಡಿಗೆ, ಊಟ, ವಿಮೆ ಎಲ್ಲ ಸೇರಿ ವರ್ಷಕ್ಕೆ 90,000ದಿಂದ 1,00,000 ಡಾಲರ್ ಎಂದು ಹಿಡಿಯಿರಿ. ನಾಲ್ಕು ವರ್ಷಕ್ಕೆ ರೂಪಾಯಿಯಲ್ಲಿ ಮೂರು ಕೋಟಿ ದಾಟುತ್ತದೆ. ಡಿಗ್ರಿಯ ನಾಲ್ಕು ವರ್ಷದ ಖರ್ಚು ಇದರಲ್ಲಿ ಸೇರಿಲ್ಲ.

ಅಲ್ಲಿನ ಸಹಪಾಠಿಗಳು ಸರ್ಕಾರಿ ಸಾಲ ತೆಗೆದು ಓದುತ್ತಾರೆ. ನಿಮಗೆ ಆ ಸಾಲ ಇಲ್ಲ. ಖಾಸಗಿ ಬ್ಯಾಂಕು ಸಾಲ ಕೊಡಬಹುದು. ಆದರೆ ಸಾಮಾನ್ಯವಾಗಿ ಅಮೆರಿಕದ ನಾಗರಿಕರೋ ಗ್ರೀನ್ ಕಾರ್ಡ್‌ದಾರರೋ ಜಾಮೀನು ನಿಲ್ಲಬೇಕು. ಡಲ್ಲಾಸಿನ ಚಿಕ್ಕಪ್ಪ ಜಾಮೀನು ಹಾಕುತ್ತಾರೆ ಎಂದು ಅವರನ್ನು ಕೇಳದೆಯೇ ಲೆಕ್ಕ ಹಾಕಬೇಡಿ. ಇದು ಮದುವೆ ಮನೆಗೆ ಹತ್ತು ಸಾವಿರ ಕೈಗಡ ಕೊಟ್ಟಂತಲ್ಲ. ನೀವು ಕಟ್ಟದಿದ್ದರೆ ಅವರ ಮನೆಸಾಲಕ್ಕೂ ಅವರ ಮಕ್ಕಳ ಓದಿಗೂ ಪೆಟ್ಟು ಬೀಳುತ್ತದೆ. ಕೇಳುವುದಿದ್ದರೆ ಮೊತ್ತ, ಬಡ್ಡಿ, ಅವಧಿ ಮೂರನ್ನೂ ಬರೆದುಕೊಂಡು ಹೋಗಿ ಕೇಳಿ. ಅವರು ಆಗುವುದಿಲ್ಲ ಎಂದರೆ ಬೇಸರಿಸದೆ ಒಪ್ಪಿಕೊಳ್ಳಿ.

ಕೆಲವು ಶಾಲೆಗಳು ಸೇರುವ ಮೊದಲೇ ಒಂದು ವರ್ಷದ ಪೂರ್ತಿ ಹಣವನ್ನು, ಇನ್ನು ಕೆಲವು ನಾಲ್ಕೂ ವರ್ಷದ ಫೀಸನ್ನು ಎಸ್ಕ್ರೋ ಎಂಬ ಕಾಪಿಟ್ಟ ಖಾತೆಯಲ್ಲಿ ಇಡಿಸಿಕೊಳ್ಳುತ್ತವೆ. ಸೀಟು ಸಿಕ್ಕ ಮೇಲೆ ಈ ನಿಯಮ ಓದಿ, ಹಣ ಹೊಂದಿಸಲಾಗದೆ ಸೀಟು ಬಿಡುವುದು ಮಕ್ಕಳಿಗೆ ಸಹಿಸಲಾಗದ ಹೊಡೆತ. ಪಟ್ಟಿ ಮಾಡುವಾಗಲೇ ಪ್ರತಿ ಶಾಲೆಯ ಎದುರು ಈ ಮೊತ್ತವನ್ನು ಬರೆಯಿರಿ. ಹೊಂದದ ಶಾಲೆಯನ್ನು ಅಲ್ಲೇ ಹೊಡೆದು ಹಾಕಿ. ಹಾರ್ವರ್ಡ್, ಯೇಲ್‌ನಂಥ ಬೆರಳೆಣಿಕೆಯ ಶಾಲೆಗಳು ಮನೆಯ ಪರಿಸ್ಥಿತಿ ನೋಡಿ ವಿದೇಶಿಯರಿಗೂ ತಮ್ಮ ನಿಧಿಯಿಂದ ನೆರವು ನೀಡುತ್ತವೆ. ಅದನ್ನು ಕೇಳುವುದಕ್ಕೆ ಸಂಕೋಚ ಬೇಡ. ಆದಾಯ ತೆರಿಗೆಯ ದಾಖಲೆ, ಜಮೀನಿನ ಪಹಣಿ, ಸಾಲದ ವಿವರ ಎಲ್ಲವನ್ನೂ ಇಂಗ್ಲಿಷಿನಲ್ಲಿ ಸಿದ್ಧ ಮಾಡಿಟ್ಟುಕೊಳ್ಳಿ. ಜಮೀನಿನ ಬೆಲೆಯನ್ನು ಏರಿಸಿಯೂ ಇಳಿಸಿಯೂ ತೋರಿಸಬೇಡಿ.

ಭಾರತದಿಂದ ಹಣ ಕಳಿಸುವವರು ನೆನಪಿಡಿ: ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳಿಸಬಹುದಾದದ್ದು 2,50,000 ಡಾಲರ್‌ವರೆಗೆ. ನಾಲ್ಕು ವರ್ಷದ ಎಸ್ಕ್ರೋ ಹಣ ಈ ಮಿತಿಯನ್ನು ಮೀರಬಹುದು, ಆಗ ಹೇಗೆ ಕಳಿಸಬೇಕೆಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಸಮಯ ಇಟ್ಟುಕೊಂಡು ಯೋಜನೆ ಹಾಕಿ. ಇರುವ ಒಂದೇ ಮನೆಯನ್ನೋ ಅಜ್ಜನ ಕಾಲದ ತೋಟವನ್ನೋ ಅಡವಿಡುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿ, ಓದುವ ಮಗುವನ್ನೂ ಸೇರಿಸಿಕೊಂಡು.

ಅರ್ಜಿಯ ಖರ್ಚೇ ಬೇರೆ. ಆಮ್‌ಕಾಸ್‌ನಲ್ಲಿ ಮೊದಲ ಶಾಲೆಗೆ ನೂರೆಪ್ಪತ್ತೈದರ ಆಸುಪಾಸು ಡಾಲರ್, ನಂತರ ಪ್ರತಿ ಶಾಲೆಗೂ ನಲವತ್ತರ ಮೇಲೆ. ಎರಡನೇ ಸುತ್ತಿನ ಅರ್ಜಿಗೆ ಶಾಲೆಗಳು ಮತ್ತೆ ಪ್ರತ್ಯೇಕ ಫೀಸು ಕೇಳುತ್ತವೆ. ಶುಲ್ಕ ರಿಯಾಯಿತಿ ಯೋಜನೆ ವಿದೇಶಿ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ.

ಆಸ್ಪತ್ರೆಯ ಅನುಭವ: ಇಲ್ಲಿ ನಿಯಮ ಮುರಿದರೆ ಎಲ್ಲವೂ ಹೋಗುತ್ತದೆ

ಅಂಕ ಎಷ್ಟೇ ಇದ್ದರೂ ರೋಗಿಗಳ ಹತ್ತಿರ ಕಾಲ ಕಳೆಯದವರನ್ನು ಅಲ್ಲಿನ ಶಾಲೆಗಳು ತೆಗೆದುಕೊಳ್ಳುವುದಿಲ್ಲ. ವೈದ್ಯರ ಜೊತೆ ನಿಂತು ನೋಡುವ ಶ್ಯಾಡೋಯಿಂಗ್, ಆಸ್ಪತ್ರೆಯಲ್ಲಿ, ವೃದ್ಧಾಶ್ರಮದಲ್ಲಿ, ಕೊನೆಗಾಲದ ಆರೈಕೆ ನೀಡುವ ಹಾಸ್ಪಿಸಿನಲ್ಲಿ ಸ್ವಯಂಸೇವೆ, ಬಡವರ ಕ್ಲಿನಿಕ್‌ನಲ್ಲಿ ಭಾಷಾಂತರದ ಕೆಲಸ, ಇವು ಮೊದಲ ವರ್ಷದಿಂದಲೇ ನಡೆಯಬೇಕು. ಅರ್ಜಿಗೆ ಮೊದಲಿನ ಮೂರು ತಿಂಗಳಲ್ಲಿ ಗಂಟೆ ಗುಡ್ಡೆ ಹಾಕಿದರೆ ಓದುವವರಿಗೆ ಗೊತ್ತಾಗುತ್ತದೆ.

ನಿಮ್ಮ ಸಹಪಾಠಿ ಸಂಬಳಕ್ಕೆ ವೈದ್ಯರ ಟಿಪ್ಪಣಿ ಬರೆಯುವ ಮೆಡಿಕಲ್ ಸ್ಕ್ರೈಬ್ ಆಗುತ್ತಾನೆ, ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ನೀಡುವ ಇಎಂಟಿ ಆಗುತ್ತಾನೆ. ನೀವು ಅವನನ್ನು ನೋಡಿ ಕೆಲಸಕ್ಕೆ ಸೇರಬೇಡಿ. ಎಫ್-1 ವಿದ್ಯಾರ್ಥಿಗೆ ಕಾಲೇಜು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯ ಕೆಲಸ ಮಾತ್ರ. ಕ್ಯಾಂಪಸ್ ಹೊರಗೆ ಸಂಬಳದ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ಎಚ್-4 ಮಕ್ಕಳಿಗೆ ಸಂಬಳದ ಕೆಲಸವೇ ಇಲ್ಲ. ಎಲ್ಲರಿಗೂ ಸಂಬಳ ಕೊಡುವ ಹುದ್ದೆಯಲ್ಲಿ ಸಂಬಳ ಬೇಡವೆಂದು ಕೂರುವುದನ್ನೂ ಕಾನೂನು ಕೆಲಸವೆಂದೇ ನೋಡಬಹುದು. ಯಾವುದಕ್ಕೂ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ. ಮೆಡಿಕಲ್ ಅರ್ಜಿಯಲ್ಲಿ ನೀವೇ ಬರೆದ ಒಂದು ಸಾಲು ಮುಂದೆ ವೀಸಾ ಅಧಿಕಾರಿಯ ಮುಂದೆ ಸಾಕ್ಷಿಯಾಗಬಹುದು.

ರಜೆಗೆ ಊರಿಗೆ ಬಂದಾಗಿನ ಮಾತು ಇನ್ನೂ ಮುಖ್ಯ. ಜಿಲ್ಲಾ ಆಸ್ಪತ್ರೆಯಲ್ಲೋ ಸಂಬಂಧಿಕರ ನರ್ಸಿಂಗ್ ಹೋಂನಲ್ಲೋ ನೋಡಲು ಅವಕಾಶ ಸಿಗುತ್ತದೆ. ನೋಡಿ, ಕೇಳಿ, ಬರೆದಿಟ್ಟುಕೊಳ್ಳಿ. ಕನ್ನಡ ಬರುವುದರಿಂದ ಹಳ್ಳಿಯಿಂದ ಬಂದ ಅಜ್ಜಿ ತನ್ನ ನೋವನ್ನು ಹೇಗೆ ವಿವರಿಸುತ್ತಾಳೆ ಎಂಬುದು ನಿಮಗೆ ನೇರವಾಗಿ ಅರ್ಥವಾಗುತ್ತದೆ. ಅದು ದೊಡ್ಡ ಭಾಗ್ಯ, ಅರ್ಜಿಯಲ್ಲಿ ಬರೆಯಬೇಕಾದ್ದು ಅದನ್ನೇ. ಆದರೆ ಹೊಲಿಗೆ ಹಾಕಬೇಡಿ, ಇಂಜೆಕ್ಷನ್ ಕೊಡಬೇಡಿ, ಹೆರಿಗೆಯಲ್ಲಿ ಕೈ ಹಾಕಬೇಡಿ. ದೊಡ್ಡಪ್ಪನೇ ಸರ್ಜನ್ ಆಗಿ, ಪರವಾಗಿಲ್ಲ ಮಾಡು ಎಂದರೂ ಬೇಡ. ಅಮೆರಿಕದಲ್ಲಿ ತರಬೇತಿ ಇಲ್ಲದವರು ಮಾಡಬಾರದ್ದನ್ನು ಬೇರೆ ದೇಶದಲ್ಲೂ ಮಾಡಬಾರದು ಎಂದು ಎಎಎಂಸಿ ಸ್ಪಷ್ಟ ಮಾರ್ಗಸೂಚಿ ಕೊಟ್ಟಿದೆ. ಹೆಮ್ಮೆಯಿಂದ ಹೀಗೆ ಬರೆದುಕೊಂಡವರ ಅರ್ಜಿ ಆ ಸಾಲಿನಲ್ಲೇ ಮುಗಿಯಬಹುದು. ಅದಕ್ಕಿಂತ ಮುಖ್ಯವಾಗಿ, ಆ ಹಾಸಿಗೆಯ ಮೇಲೆ ಮಲಗಿದವರು ನಿಮ್ಮ ಕಲಿಕೆಗೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಬಡವರ ಮೈಮೇಲೆ ಕಲಿತು ಶ್ರೀಮಂತರ ದೇಶದ ಸೀಟು ಪಡೆಯುವುದು ವೈದ್ಯನಾಗುವವನ ಲಕ್ಷಣ ಅಲ್ಲ.

ರೋಗಿಯ ಫೋಟೋ ತೆಗೆಯಬೇಡಿ, ಹೆಸರು ಬರೆಯಬೇಡಿ. ಕಳೆದ ಗಂಟೆಗಳನ್ನು ಹೆಚ್ಚಿಸಿ ಹೇಳಬೇಡಿ. ಅರ್ಜಿಯಲ್ಲಿ ಕೊಡುವ ಸಂಪರ್ಕ ವ್ಯಕ್ತಿಗೆ ಶಾಲೆಯವರು ಕರೆ ಮಾಡಬಹುದು.

ಎಂಕ್ಯಾಟ್

ಪರೀಕ್ಷೆ ನಾಲ್ಕು ಭಾಗ, ಒಟ್ಟು ಅಂಕ 472ರಿಂದ 528ರವರೆಗೆ. ಪರೀಕ್ಷಾ ಕೇಂದ್ರದಲ್ಲಿ ಏಳೂವರೆ ಗಂಟೆ. ಸೀಟು ಪಡೆಯುವವರ ಸರಾಸರಿ 511ರ ಮೇಲಿದೆ, ಡಿಗ್ರಿಯ ಜಿಪಿಎ 3.7ರ ಮೇಲೆ. ವಿದೇಶಿಯರು ಇದಕ್ಕಿಂತ ಮೇಲಿರಬೇಕು, 515 ದಾಟುವ ಗುರಿ ಇಟ್ಟುಕೊಳ್ಳಿ. ನಮ್ಮ ಮಕ್ಕಳಿಗೆ ವಿಜ್ಞಾನ ಭಾಗಗಳಲ್ಲಿ ತೊಂದರೆ ಕಡಿಮೆ, ಕಾರ್ಸ್ ಎಂಬ ಓದಿ ಅರ್ಥೈಸುವ ಭಾಗದಲ್ಲಿ ಹೆಚ್ಚು. ಅದಕ್ಕೆ ಕೋಚಿಂಗ್ ಪುಸ್ತಕ ಸಾಲದು. ಇತಿಹಾಸ, ತತ್ವಶಾಸ್ತ್ರ, ಕಲಾವಿಮರ್ಶೆಯ ಗಂಭೀರ ಬರಹಗಳನ್ನು ಎರಡು ವರ್ಷ ದಿನವೂ ಓದಬೇಕು.

ನೀಟ್‌ನಂತೆ ಇನ್ನೊಂದು ಸಲ ಬರೆದರಾಯಿತು ಎಂದು ಹೋಗಬೇಡಿ. ಒಂದು ವರ್ಷದಲ್ಲಿ 3 ಸಲ, ಎರಡು ವರ್ಷದಲ್ಲಿ 4, ಇಡೀ ಜೀವಮಾನದಲ್ಲಿ 7. ಹೆಸರು ನೋಂದಾಯಿಸಿ ಹೋಗದಿದ್ದರೂ ಒಂದು ಪ್ರಯತ್ನ ಕಳೆದಂತೆಯೇ. ಹಳೆಯ ಅಂಕಗಳೂ ಶಾಲೆಗಳಿಗೆ ಕಾಣುತ್ತವೆ.

ಅರ್ಜಿ, ಪ್ರಬಂಧ, ಪತ್ರಗಳು

ಆಮ್‌ಕಾಸ್ ಮೇ ಮೊದಲಲ್ಲಿ ತೆರೆಯುತ್ತದೆ. ಮೇ ಕೊನೆ ಅಥವಾ ಜೂನ್ ಮೊದಲ ವಾರದಿಂದ ಸಲ್ಲಿಸಬಹುದು. ಸೇರುವುದು ಮರುವರ್ಷದ ಜುಲೈ-ಆಗಸ್ಟ್‌ನಲ್ಲಿ. ಕೊನೆಯ ದಿನಾಂಕ ಅಕ್ಟೋಬರೋ ನವೆಂಬರೋ ಇದೆ ಎಂದು ಕಾಯಬೇಡಿ. ಬಹುಪಾಲು ಶಾಲೆಗಳು ಅರ್ಜಿ ಬಂದಂತೆ ಬಂದಂತೆ ನೋಡಿ ಸಂದರ್ಶನಕ್ಕೆ ಕರೆಯುತ್ತವೆ. ಅಂಕಪಟ್ಟಿ ಪರಿಶೀಲನೆಗೇ ಜೂನ್-ಜುಲೈನಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಜೂನ್‌ನಲ್ಲೇ ಸಲ್ಲಿಸಿ. ಎರಡನೇ ಸುತ್ತಿನ ಪ್ರಶ್ನೆಗಳು ಬಂದರೆ ಎರಡು ವಾರದೊಳಗೆ ಉತ್ತರಿಸಿ.

ವೈಯಕ್ತಿಕ ಪ್ರಬಂಧಕ್ಕೆ 5,300 ಅಕ್ಷರದ ಮಿತಿ. ಚಟುವಟಿಕೆಗಳು 15ರವರೆಗೆ, ಅವುಗಳಲ್ಲಿ ಮೂರನ್ನು ಅತಿ ಮುಖ್ಯವೆಂದು ಗುರುತಿಸಿ ಹೆಚ್ಚು ಬರೆಯಬಹುದು. ಹದಿನೈದನ್ನೂ ತುಂಬಲೇಬೇಕೆಂದು ಹತ್ತನೇ ತರಗತಿಯ ಚರ್ಚಾಸ್ಪರ್ಧೆಯ ಬಹುಮಾನ ತುರುಕಬೇಡಿ. ಕಾಯಿಲೆಯ ಅಜ್ಜನನ್ನು ನೋಡಿ ವೈದ್ಯನಾಗಬೇಕೆನಿಸಿತು ಎಂಬ ಪ್ರಬಂಧ ನೂರಾರು ಬರುತ್ತವೆ. ನಿಮ್ಮ ಅನುಭವ ನಿಜವಾಗಿಯೂ ಅದೇ ಆಗಿದ್ದರೆ, ಆಮೇಲೆ ನೀವೇನು ಮಾಡಿದಿರಿ ಎಂಬುದಕ್ಕೆ ಹೆಚ್ಚು ಜಾಗ ಕೊಡಿ. ಪ್ರಬಂಧವನ್ನು ದುಡ್ಡು ಕೊಟ್ಟು ಬರೆಸಬೇಡಿ, ಯಂತ್ರದಿಂದ ಬರೆಸಿ ನಿಮ್ಮದೆನ್ನಬೇಡಿ. ಕೊನೆಯ ಬರಹ ನಿಮ್ಮದೇ ಎಂದು ಅರ್ಜಿಯಲ್ಲಿ ನೀವು ಪ್ರಮಾಣ ಮಾಡುತ್ತೀರಿ.

ಶಿಫಾರಸು ಪತ್ರದ ಬಗ್ಗೆ ನಮ್ಮಲ್ಲಿ ಒಂದು ಕೆಟ್ಟ ರೂಢಿ ಇದೆ. ವಿದ್ಯಾರ್ಥಿಯೇ ಪತ್ರ ಬರೆದುಕೊಂಡು ಹೋಗುವುದು, ಮೇಷ್ಟ್ರು ಸಹಿ ಹಾಕುವುದು. ಅಲ್ಲಿ ಅದು ವಂಚನೆ. ನಿಮಗೆ ಪಾಠ ಮಾಡಿದ, ನಿಮ್ಮ ಹೆಸರು ಗೊತ್ತಿರುವ ಇಬ್ಬರು ವಿಜ್ಞಾನದ ಪ್ರಾಧ್ಯಾಪಕರನ್ನು, ವಿಜ್ಞಾನೇತರ ವಿಷಯದ ಒಬ್ಬರನ್ನು ಮೊದಲೇ ಕೇಳಿ, ಎರಡು ತಿಂಗಳು ಸಮಯ ಕೊಡಿ. ಪತ್ರ ಓದುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಗುರುತು ಹಾಕಿ. ಊರಿನ ಶಾಸಕರದ್ದೋ ಪರಿಚಯದ ದೊಡ್ಡ ವೈದ್ಯರದ್ದೋ ಪತ್ರ ಸೇರಿಸಬೇಡಿ.

ಭಾಷೆಗಳ ಕಾಲಂನಲ್ಲಿ ಕನ್ನಡ ಬರೆಯಿರಿ, ನಿಮ್ಮ ನಿಜವಾದ ಮಟ್ಟವನ್ನೇ ಬರೆಯಿರಿ. ಸಂದರ್ಶಕರು ಕನ್ನಡದವರೇ ಆಗಿರಬಹುದು.

ಸಂದರ್ಶನ ಸೆಪ್ಟೆಂಬರಿನಿಂದ ಫೆಬ್ರವರಿ-ಮಾರ್ಚ್‌ವರೆಗೆ. ಈಗ ಹೆಚ್ಚಿನವು ವಿಡಿಯೋದಲ್ಲಿ. ಬಾಯಿಪಾಠ ಒಪ್ಪಿಸಬೇಡಿ. ಅಮೆರಿಕವೇ ಏಕೆ ಎಂದು ಕೇಳುತ್ತಾರೆ. ತಾಯ್ನಾಡಿನ ವೈದ್ಯಶಿಕ್ಷಣವನ್ನು ಹೀಗಳೆದು ಆ ಪ್ರಶ್ನೆಗೆ ಉತ್ತರ ಕೊಡಬೇಡಿ.

ಏಜೆಂಟರು ಮತ್ತು ದ್ವೀಪದ ಕಾಲೇಜುಗಳು

ಪಿಯುಸಿ ಆದ ಕೂಡಲೇ ಸೀಟು, ಎಂಕ್ಯಾಟ್ ಬೇಡ, ಐದಾರು ವರ್ಷದಲ್ಲಿ ಅಮೆರಿಕನ್ ಎಂ.ಡಿ. ಎಂಬ ಜಾಹೀರಾತು ನೋಡಿದರೆ ಒಂದೇ ಪ್ರಶ್ನೆ ಕೇಳಿ: ಈ ಶಾಲೆಗೆ ಎಲ್‌ಸಿಎಂಇ ಮಾನ್ಯತೆ ಇದೆಯೇ? ಅಮೆರಿಕದ ಎಂ.ಡಿ. ಶಾಲೆಗೆ ಮಾನ್ಯತೆ ಕೊಡುವ ಸಂಸ್ಥೆ ಅದು, ಡಿ.ಒ. ಶಾಲೆಗೆ ಕೋಕಾ. ಕೆರಿಬಿಯನ್ ದ್ವೀಪಗಳ ಖಾಸಗಿ ಕಾಲೇಜುಗಳು ಅಮೆರಿಕದ ಹೆಸರಿನ ಹತ್ತಿರ ನಿಂತರೂ ಅಮೆರಿಕದ ಶಾಲೆಗಳಲ್ಲ. ಅಲ್ಲಿ ಓದಿದವರು ರೆಸಿಡೆನ್ಸಿ ಹಂಚಿಕೆಯಲ್ಲಿ ವಿದೇಶಿ ಪದವೀಧರರ ಸಾಲಿನಲ್ಲೇ ನಿಲ್ಲಬೇಕು. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಎಂ.ಡಿ. ಶಾಲೆಗಳ ಅಂತಿಮ ವರ್ಷದವರಲ್ಲಿ ಶೇಕಡಾ 93ರಷ್ಟು ಜನಕ್ಕೆ ರೆಸಿಡೆನ್ಸಿ ಸಿಕ್ಕಿದರೆ, ಅಮೆರಿಕದ ನಾಗರಿಕರಲ್ಲದ ವಿದೇಶಿ ಪದವೀಧರರಲ್ಲಿ ಸಿಕ್ಕಿದ್ದು ಶೇಕಡಾ 58ರ ಆಸುಪಾಸು. ಏಜೆಂಟರು ಈ ಎರಡನೇ ಸಂಖ್ಯೆಯನ್ನು ಹೇಳುವುದಿಲ್ಲ. ಮುಂಗಡ ಕೇಳುವವರಿಗೆ, ಸೀಟು ಖಾತ್ರಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಎಲ್‌ಸಿಎಂಇ ಮಾನ್ಯತೆಯ ಯಾವ ಶಾಲೆಯೂ ಏಜೆಂಟರ ಮೂಲಕ ಸೀಟು ಮಾರುವುದಿಲ್ಲ.

ಸೀಟು ಸಿಕ್ಕ ಮೇಲೆ

ಒಂದಕ್ಕಿಂತ ಹೆಚ್ಚು ಸೀಟು ಸಿಕ್ಕಿದ್ದರೆ ಏಪ್ರಿಲ್ 30ರೊಳಗೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ನೀವು ಬಿಟ್ಟ ಜಾಗಕ್ಕೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಹೊಸ ವೀಸಾ ಬೇಕಾದವರು ಶಾಲೆಯಿಂದ ಐ-20 ಎಂಬ ಪ್ರವೇಶ ದಾಖಲೆ ಬಂದ ದಿನವೇ ವಿದ್ಯಾರ್ಥಿ ವೀಸಾದ ಸೆವಿಸ್ ಶುಲ್ಕ ಕಟ್ಟಿ, ವೀಸಾ ಸಂದರ್ಶನದ ದಿನಾಂಕ ಹಿಡಿಯಿರಿ. ಎಫ್-1 ಇರುವವರು ಎಂ.ಡಿ. ಮುಗಿಸಿದ ಮೇಲೆ 12 ತಿಂಗಳ ಒಪಿಟಿ ಎಂಬ ಕೆಲಸದ ಅನುಮತಿಯಲ್ಲಿ ರೆಸಿಡೆನ್ಸಿಯ ಮೊದಲ ವರ್ಷ ಕಳೆಯಬಹುದು. ನಂತರ ಆಸ್ಪತ್ರೆ ಎಚ್-1ಬಿ ಕೊಡಿಸಬೇಕು. ಎಲ್ಲ ಆಸ್ಪತ್ರೆಗಳೂ ಕೊಡಿಸುವುದಿಲ್ಲ. ಶಾಲೆ ಆರಿಸುವಾಗಲೇ, ಹಿಂದಿನ ವಿದೇಶಿ ವಿದ್ಯಾರ್ಥಿಗಳು ಯಾವ ವೀಸಾದ ಮೇಲೆ ಎಲ್ಲಿ ರೆಸಿಡೆನ್ಸಿ ಮಾಡಿದರು ಎಂದು ಕೇಳಿ.

ಮುಂದೊಂದು ದಿನ ಊರಿಗೆ ಬಂದು ವೈದ್ಯವೃತ್ತಿ ಮಾಡುವ ಆಸೆ ಇರುವ ಭಾರತೀಯ ನಾಗರಿಕರು ಇದನ್ನು ಈಗಲೇ ವಿಚಾರಿಸಬೇಕು. ವಿದೇಶದ ವೈದ್ಯಶಿಕ್ಷಣಕ್ಕೆ ಸೇರುವ ಮೊದಲು ನೀಟ್ ಅರ್ಹತೆ ಇರಬೇಕೆಂಬ ನಿಯಮ 2018ರಿಂದ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿ ವಿದೇಶಿ ಪದವಿಗೆ ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕೇಳುತ್ತದೆ. ಅಮೆರಿಕದ ಎಂ.ಡಿ. ನಾಲ್ಕೇ ವರ್ಷದ್ದು, ಇಂಟರ್ನ್‌ಶಿಪ್ ಅದರೊಳಗಿಲ್ಲ. ನಿಮ್ಮ ಡಿಗ್ರಿ, ಎಂ.ಡಿ., ರೆಸಿಡೆನ್ಸಿ ಮೂರರ ವಿವರವನ್ನೂ ಬರೆದು, ನನ್ನ ವಿಷಯದಲ್ಲಿ ನೋಂದಣಿ ಹೇಗೆ ಎಂದು ಆಯೋಗವನ್ನು ಲಿಖಿತವಾಗಿ ಕೇಳಿ. ಆ ಉತ್ತರ ಕೈಗೆ ಬರುವವರೆಗೆ, ಊರಿಗೆ ಮರಳಿ ಕ್ಲಿನಿಕ್ ತೆರೆಯುವ ಭರವಸೆಯ ಮೇಲೆ ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕಬೇಡಿ.